ಹೊಗೆ ಅಳೆದವನ ಕಾಗದ

...ಪೂರ್ತಿ ಓದು ಖಲೀಲ್, ಅರ್ಧಕ್ಕೆ ನಿಲ್ಲಿಸಬೇಡ. ಕೆಳಗೆ ನನ್ನ ಸಹಿ ಉಂಟು, ಪಕ್ಕದಲ್ಲಿ ಆಫೀಸಿನ ಸೀಲೂ ಉಂಟು. ಸೀಲು ತಲೆಕೆಳಗಾಗಿ ಬಿದ್ದಿದೆ... ಅದಕ್ಕಾ ನಗುವುದು? ನಗು ಮಾರಾಯ, ಆದರೆ ಮೆಲ್ಲ ನಗು. ಜೋರು ನಕ್ಕರೆ ನಿನಗೆ ಕೆಮ್ಮು ಹಿಡೀತದೆ, ಆಮೇಲೆ ಆಸ್ಯಮ್ಮ ಅಡುಗೆಮನೆಯಿಂದ ಓಡಿ ಬಂದು, ನನ್ನ ಗಂಡನನ್ನು ಯಾಕೆ ನಗಿಸುವುದು ಅಂತ ನನಗೆ ಬೈತಾರೆ.

ಬೇಡ, ಮಾತಾಡಬೇಡ. ಮೂಗಿನ ಪೈಪು ಸರಿ ಇಟ್ಟುಕೋ. ಹಾಂ, ಹಾಗೆ. ನೀನು ಮಂಡೆ ಆಡಿಸು ಸಾಕು, ನನಗೆ ಗೊತ್ತಾಗ್ತದೆ. ಇಪ್ಪತ್ತೆರಡು ವರ್ಷ ಒಂದೇ ಕಂಟ್ರಾಕ್ಟರ ಕೆಳಗೆ ದುಡಿದವರು ನಾವು. ನೀನು ಜೆಸಿಬಿಯ ಮೇಲೆ, ನಾನು ಅದರ ಅಡಿಯಲ್ಲಿ ಸ್ಪಾನರ್ ಹಿಡಿದು. ಈ ಬೆರಳು ಅರ್ಧ ಹೋದದ್ದೂ ಅಲ್ಲೇ. ಆ ಇಂಜಿನಿನ ಗದ್ದಲದಲ್ಲಿ ಬಾಯಿಂದ ಮಾತಾಡಿದ್ದು ಎಷ್ಟು, ಹೇಳು? ಎಲ್ಲ ಕೈಸನ್ನೆ. ಈಗಲೂ ಅದೇ ಅಂತ ಇಟ್ಟುಕೊಳ್ಳುವ.

ಗುರುವಾಯನಕೆರೆಯಿಂದ ನಾಳೆ ಎಷ್ಟು ಗಂಟೆಗೆ ಹೊರಡುವುದು? ಏಳಕ್ಕಾ? ಕಾರು ಹೇಳಿಯಾಗಿದೆಯಾ? ಸರಿ. ಆಕ್ಸಿಜನ್ ಸಿಲಿಂಡರ್ ಇಡಲಿಕ್ಕೆ ಜಾಗ ಉಂಟಾ ನೋಡಬೇಕು. ಮಂಗಳೂರಿನ ಡಾಕ್ಟರಲ್ಲಿಗೆ ಹತ್ತೂವರೆಯ ಒಳಗೆ ಮುಟ್ಟಬೇಕು ಅಂತ ಆಸ್ಯಮ್ಮ ಹೇಳ್ತಿದ್ದರು. ಫೋನಿನಲ್ಲಿ ಎರಡೆರಡು ಸಲ ಹೇಳಿದರು ನನಗೆ, ಅಳ್ತಾ ಇದ್ದರು. ಶ್ವಾಸಕೋಶ ಗಟ್ಟಿಯಾಗ್ತಾ ಹೋಗ್ತಾ ಉಂಟು, ಯಾಕೆ ಅಂತ ಗೊತ್ತಿಲ್ಲ ಅಂದರಂತೆ ಡಾಕ್ಟರು. ಕೆಲಸದ ಜಾಗದ ಹೊಗೆಯಿಂದ ಅಂತ ಖಾತ್ರಿಯಾದರೆ ನೇರ ಅದಕ್ಕೆ ಮದ್ದು ಶುರು ಮಾಡ್ತಾರೆ. ಖಾತ್ರಿ ಇಲ್ಲದಿದ್ದರೆ ಎದೆ ಕೊಯ್ದು, ಒಳಗಿನಿಂದ ಒಂದು ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು. ಈ ಸ್ಥಿತಿಯಲ್ಲಿ ಕೊಯ್ದರೆ ನೀನು ಎದ್ದು... ಅಲ್ಲ, ಹಾಗೆ ಹೇಳಲಿಲ್ಲ ಅವರು. ಅಪಾಯ ಉಂಟು ಅಂದರು, ಅಷ್ಟೇ. ಡಾಕ್ಟರುಗಳು ಎಲ್ಲದಕ್ಕೂ ಅಪಾಯ ಉಂಟು ಅಂತಲೇ ಹೇಳುವುದು.

ಗಾಡಿಯ ಒಳಗೆ ಹೊಗೆ ಇತ್ತಾ ಅಂತ ನಿನ್ನನ್ನೇ ಕೇಳಿದರಂತೆ. ನೀನು, "ಹೊಗೆ ಅಳೆದವರು ರುಕ್ಮಯ್ಯಣ್ಣ, ಅವರನ್ನು ಕೇಳಿ" ಅಂದೆಯಂತೆ. ಹಾಗಾದರೆ ಅವರ ಹತ್ತಿರ ಬರೆಸಿ ತನ್ನಿ ಅಂದರಂತೆ ಡಾಕ್ಟರು.

ಬರೆದು ತಂದಿದ್ದೇನೆ.

ಯಾಕೆ ಹಾಗೆ ನೋಡ್ತೀಯಾ? ಬರೆದದ್ದರಲ್ಲಿ ಒಂದು ಅಂಕಿ ಸುಳ್ಳಿಲ್ಲ. ಬೇಕಾದರೆ ಆಣೆ ಹಾಕ್ತೇನೆ. ಮಿಷನಿನಿಂದ ಹೊರಗೆ ಬಂದ ಚೀಟಿ ಪ್ರತಿಯೊಂದೂ ನನ್ನ ಹತ್ತಿರ ಉಂಟು, ತಾರೀಕು ಸಮೇತ. ಅದನ್ನು ನೋಡಿಕೊಂಡೇ ಬರೆದದ್ದು. "ಇಬ್ರಾಹಿಂ ಖಲೀಲ್ ಅವರು ಓಡಿಸುತ್ತಿದ್ದ ಯಂತ್ರದ ಹೊಗೆ ನಿಗದಿತ ಮಿತಿಗಿಂತ ಬಹಳ ಕಡಿಮೆ ಇತ್ತು." ಇತ್ತು. ಅಳತೆ ಹಾಗೆಯೇ ಇತ್ತು.

ಆ ಮಿಷನ್ ಬಂದ ದಿನ ನೆನಪುಂಟಾ ನಿನಗೆ? ನಾರಾವಿಯ ಆಚೆ ರಸ್ತೆ ಅಗಲ ಮಾಡುವಾಗ ಆ ಶಾಲೆಯವರು ಅರ್ಜಿ ಹಾಕಿದರಲ್ಲ, ಮಕ್ಕಳಿಗೆ ಕ್ಲಾಸಿನಲ್ಲಿ ಕೂರಲಿಕ್ಕೆ ಆಗುವುದಿಲ್ಲ, ಜೆಸಿಬಿಯ ಹೊಗೆ ಕಿಟಕಿಯಿಂದ ಒಳಗೆ ಬರ್ತದೆ ಅಂತ. ಅದರ ಮೇಲೆ ಮೇಲಿನವರು ಹದಿನೈದು ದಿನಕ್ಕೊಮ್ಮೆ ಎಲ್ಲ ಗಾಡಿಗಳ ಹೊಗೆ ಅಳೆಯಬೇಕು ಅಂತ ಮಾಡಿದ್ದು. ಸೂಟ್‌ಕೇಸಿನ ಹಾಗಿನ ಮಿಷನ್ ಬಂತು. ಯಾರೂ ಮುಟ್ಟಲಿಲ್ಲ. ನಾನು ಅದರ ಪುಸ್ತಕವನ್ನು ಮೂರು ದಿನ ಓದಿದೆ. ಎಂಥದೂ ದೊಡ್ಡ ವಿದ್ಯೆ ಅಲ್ಲ ಮಾರಾಯ, ಹೊಗೆಕೊಳವೆಯ ಬಾಯಿಗೆ ಅದರ ಸಣ್ಣ ಕೊಳವೆ ತೂರಿಸುವುದು, ಒಳಗೆ ಒಂದು ಬೆಳಕು ಉಂಟು, ಹೊಗೆ ಆ ಬೆಳಕನ್ನು ಎಷ್ಟು ಮುಚ್ತದೆ ಅಂತ ಅಂಕಿಯಲ್ಲಿ ಹೇಳ್ತದೆ. ಆಪರೇಟರ್ ಆಕ್ಸಿಲರೇಟರಿನ ಮೇಲೆ ಕಾಲು ಪೂರ್ತಿ ಒತ್ತಿ ಬಿಡಬೇಕು, ನಾಲ್ಕು ಸಲ.

ಈ ಕಾಲು ಒತ್ತುವುದರಲ್ಲೇ ಎಲ್ಲ ಇದ್ದದ್ದು. ಫೇಲಾದರೆ ಗಾಡಿ ನಿಲ್ತದೆ, ದಿನದ ಭತ್ತೆ ಹೋಗ್ತದೆ ಅಂತ ಬೇರೆಯವರೆಲ್ಲ ಅರ್ಧ ಒತ್ತಿ ಬಿಡ್ತಿದ್ದರು. ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ! ನೀನು ಒಬ್ಬನೇ ನೆಲಕ್ಕೆ ಮುಟ್ಟುವವರೆಗೆ ಒತ್ತುತ್ತಿದ್ದದ್ದು. "ಶಾಲೆಯ ಮಕ್ಕಳು ಅರ್ಧ ಉಸಿರು ತೆಗೀತಾರಾ ಅಣ್ಣಾ?" ಅಂತ ಕೇಳಿದ್ದೆ. ಅದಕ್ಕೇ ನಿನ್ನ ಗಾಡಿ ಮೊದಲು ಫೇಲಾದದ್ದು. ಮೂರು ಪಾಯಿಂಟ್ ಒಂದು. ಎರಡೂವರೆಯ ಒಳಗೆ ಇರಬೇಕಿತ್ತು.

ಕುಡಿ, ಒಂದು ಗುಟುಕು ನೀರು ಕುಡಿ. ನಾನು ಹಿಡಿದುಕೊಳ್ತೇನೆ. ಹಾಂ.

ಆಮೇಲೆ ನಾನು ಮೂಗುತಿ ಮಾಡಿದ್ದು. ನೋಡು, ನೋಡು, ನಿನ್ನ ಮುಖ! ಆ ಹೆಸರು ಇಟ್ಟವನೇ ನೀನು. ಮೂಡುಬಿದಿರೆಯ ಗುಜರಿ ಅಂಗಡಿಯಲ್ಲಿ ಪಲ್ಟಿಯಾದ ಒಂದು ಹೊಸ ಲಾರಿಯ ಸೈಲೆನ್ಸರ್ ಸಿಕ್ಕಿತು. ಅದರ ಹೊಟ್ಟೆಯಲ್ಲಿ ಜೇನುಗೂಡಿನ ಹಾಗೆ ತೂತುತೂತಿನ ಒಂದು ಕಲ್ಲು. ಹೊಗೆ ಒಂದು ತೂತಿನಲ್ಲಿ ನುಗ್ಗಿ, ಗೋಡೆಯನ್ನು ದಾಟಿ ಪಕ್ಕದ ತೂತಿನಿಂದ ಹೊರಗೆ ಬರಬೇಕು. ಮಸಿಯೆಲ್ಲ ಗೋಡೆಯಲ್ಲೇ ಉಳೀತದೆ. ಅದನ್ನು ಬಿಡಿಸಿ, ಬೇರೆ ಡಬ್ಬ ಮಾಡಿಸಿ, ಸಿದ್ಧಕಟ್ಟೆಯ ಯಾರ್ಡಿನಲ್ಲಿ ನಿನ್ನ ಗಾಡಿಗೆ ಕೂರಿಸಿದೆ. ದೀಪಾವಳಿ ಕಳೆದ ವಾರ. ನೀನು ಇಡೀ ಯಾರ್ಡಿಗೆ ಕೇಳುವ ಹಾಗೆ ಕೂಗಿದೆ, "ಹೆಂಡತಿ ಸರಸಕ್ಕನಿಗೆ ಒಂದು ಮೂಗುತಿ ಮಾಡಿಸಲಿಕ್ಕೆ ಆಗಲಿಲ್ಲ ಈ ಜನಕ್ಕೆ, ನನ್ನ ಗಾಡಿಗೆ ಮಾಡಿಸಿದರು!" ಅದು ಯಾರೋ ಹೋಗಿ ಸರಸನ ಕಿವಿಗೆ ಹಾಕಿ, ಅವಳು ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ನಿನಗೆ ಗೊತ್ತಿಲ್ಲ ಅದು. ಈಗ ಹೇಳ್ತಾ ಇದ್ದೇನೆ.

ನಗು... ಮೆಲ್ಲ, ಮೆಲ್ಲ.

ಅಳೆದೆ. ಮೂರು ಪಾಯಿಂಟ್ ಒಂದು ಇದ್ದದ್ದು ಸೊನ್ನೆ ಪಾಯಿಂಟ್ ಒಂಬತ್ತಕ್ಕೆ ಇಳಿಯಿತು. ನೀನು ಗಾಡಿಯಿಂದ ಹಾರಿ ಬಂದು ಚೀಟಿ ಕಿತ್ತುಕೊಂಡು ನೋಡಿದೆ. ನಾವಿಬ್ಬರೂ ಅವತ್ತು ಗಡಂಗಿನಲ್ಲಿ ಕುಡಿದು ಬಂದವರ ಹಾಗೆ ಕುಣಿದೆವು, ನೀನು ಜೀವನದಲ್ಲಿ ಬೀಡಿ ಸಹ ಮುಟ್ಟದ ಮನುಷ್ಯ. ಇಂಜಿನಿಯರ್ ವಿಜೇತಾ ಮೇಡಮ್ಮಿಗೆ ತೋರಿಸಿದೆ. ಅವರು ಹೇಳಿದರು, ಮೂರು ತಿಂಗಳು ನೋಡುವ, ಹೀಗೇ ಇದ್ದರೆ ಮೇಲಿನವರನ್ನು ಕರೆಸ್ತೇನೆ, ಎಲ್ಲ ಗಾಡಿಗೂ ಹಾಕಿಸುವ. ಮತ್ತೆ ಅಳೆದೆ, ಸೊನ್ನೆ ಪಾಯಿಂಟ್ ಏಳು. ಮತ್ತೆ, ಐದು. ಫೆಬ್ರವರಿಗೆ ನಾಲ್ಕು. ಸೊನ್ನೆ ಪಾಯಿಂಟ್ ನಾಲ್ಕು! ಹೊಸ ಗಾಡಿಗೂ ಬಾರದ ಅಂಕಿ.

ನೋಡು, ಕಾಗದದಲ್ಲಿ ಅದೇ ಉಂಟು. ಅಲ್ಲಿ, ಮೂರನೇ ಸಾಲು.

...ಏನು ಖಲೀಲ್? ಕಾಗದ ನೋಡು ಅಂದರೆ ನನ್ನ ಮುಖ ಯಾಕೆ ನೋಡುವುದು?

ಸರಿ. ಸರಿ, ಹೇಳ್ತೇನೆ. ನಿನ್ನ ಹತ್ತಿರ ಮುಚ್ಚಿಡುವಂಥದ್ದು ಏನುಂಟು. ಒಂದು ವಿಷಯ ಕಾಗದದಲ್ಲಿ ಹಾಕಲಿಲ್ಲ. ನನಗೂ ತಡವಾಗಿ ಗೊತ್ತಾದದ್ದು ಅದು. ನೀನು ಹೋದ ಮೇ ತಿಂಗಳಲ್ಲಿ ಗಾಡಿ ಹತ್ತಲಿಕ್ಕೆ ಆಗದೆ ಮನೆಯಲ್ಲಿ ಕೂತೆಯಲ್ಲ, ಆವಾಗ ನಾನು ನಿನ್ನ ಗಾಡಿ ಬಿಚ್ಚಿದೆ. ಆವಾಗ ನೋಡಿದ್ದು. ಬಾನೆಟ್ಟಿನ ಅಡಿಯಲ್ಲಿ, ಡಬ್ಬದ ಮೊದಲಿಗೆ ಒಂದು ಜಾಯಿಂಟ್ ಉಂಟಲ್ಲ, ಅದರ ಸಂದು ಮುಚ್ಚುವ ಪ್ಯಾಕಿಂಗ್ ಹಾರಿಹೋಗಿತ್ತು. ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು.

ಆಸ್ಯಮ್ಮ ತೆಂಗಿನಹಾಲು ಹಿಂಡಿ ಬಟ್ಟೆಯಲ್ಲಿ ಸೋಸುವುದನ್ನು ನೋಡಿದ್ದೀಯಲ್ಲ. ಬಟ್ಟೆಯಲ್ಲಿ ಕಾಯಿತುರಿ ಕಟ್ಟಿಕೊಂಡರೆ ಕೆಳಗೆ ಬೀಳುವ ಹನಿ ಶುದ್ಧವೇ ಇರ್ತದೆ, ಮೊದಲಿಗಿಂತ ಶುದ್ಧ. ಆದರೆ ಹಾಲು ಎಲ್ಲಿ ಹೋಗ್ತದೆ? ಅಂಚಿನಿಂದ ಉಕ್ಕಿ ನೆಲಕ್ಕೆ ಚೆಲ್ತದೆ. ಇದೂ ಹಾಗೆಯೇ. ಆ ಕಲ್ಲನ್ನು ಹದಿನೈದು ದಿನಕ್ಕೊಮ್ಮೆ ಬಿಚ್ಚಿ, ಕಾಯಿಸಿ, ಮಸಿ ಸುಟ್ಟು ಊದಬೇಕಿತ್ತು. ನಮ್ಮ ಕೆಲಸದಲ್ಲಿ ಟಿಪ್ಪರ್ ಬರುವವರೆಗೆ ಗಾಡಿಯನ್ನು ಸುಮ್ಮನೆ ಓಡಿಸಿಯೇ ಇಡುವುದು, ಆಫ್ ಮಾಡಿದರೆ ಆ ಹಳೇ ಬ್ಯಾಟರಿ ಪುನಃ ಎತ್ತುವುದಿಲ್ಲ. ಹಾಗೆ ಬಿಸಿಯಾಗದೆ ಓಡಿದರೆ ಮಸಿ ಬೇಗ ಕಟ್ಟಿಕೊಳ್ತದೆ. ಬಿಚ್ಚಬೇಕಾದರೆ ಅರ್ಧ ದಿನ ಗಾಡಿ ನಿಲ್ಲಿಸಬೇಕು. ನಾಳೆ, ನಾಡಿದ್ದು ಅಂತ ಮುಂದೆ ಹಾಕಿದೆ. ಕಲ್ಲು ಕಟ್ಟಿತು. ಹೊಗೆಗೆ ಎದುರು ದಾರಿ ಇಲ್ಲ. ಜಾಯಿಂಟನ್ನು ಒಡೆದುಕೊಂಡು ಬಾನೆಟ್ಟಿನ ಒಳಗೆ ನುಗ್ಗಿತು. ಅಲ್ಲಿಂದ ಪೆಡಲಿನ ತೂತಿನಲ್ಲಿ ನಿನ್ನ ಕಾಲಬುಡಕ್ಕೆ.

ಕೊಳವೆಯ ಬಾಯಿಯಲ್ಲಿ ಸೊನ್ನೆ ಪಾಯಿಂಟ್ ನಾಲ್ಕು. ನಾನು ಅಳೆದದ್ದು ಕೊಳವೆಯ ಬಾಯಿಯಲ್ಲಿ. ಪುಸ್ತಕದಲ್ಲಿ ಹಾಗೆಯೇ ಬರೆದದ್ದು. ಕೂತವನ ಮೂಗಿನ ಹತ್ತಿರ ಅಳೆಯಿರಿ ಅಂತ ಎಲ್ಲಿಯೂ ಬರೆದಿರಲಿಲ್ಲ ಖಲೀಲ್.

ನೀನು ಮೊದಲು ಹೇಳಿದ್ದೆ, ಹೌದು. ಜನವರಿಯಲ್ಲಿರಬೇಕು. ಕಣ್ಣು ಉರೀತದೆ, ಮಂಡೆ ಭಾರ ಆಗ್ತದೆ ಅಂತ. ನಾನೆಂಥ ಹೇಳಿದೆ? ಕೆಂಪುಮಣ್ಣಿನ ಧೂಳು ಮಾರಾಯ, ಗ್ಲಾಸು ಏರಿಸಿ ಬಾಗಿಲು ಹಾಕಿ ಕೂತ್ಕೋ ಅಂದೆ. ಒಳ್ಳೆಯದಕ್ಕೇ ಹೇಳಿದ್ದು. ಆವಾಗ ನನಗೆ ಗೊತ್ತಿರಲಿಲ್ಲ. ಸತ್ಯವಾಗಿ ಗೊತ್ತಿರಲಿಲ್ಲ. ನೀನು ನಾನು ಹೇಳಿದ ಹಾಗೆ ಗ್ಲಾಸು ಹಾಕಿದೆ. ಮತ್ತೆ ತೆಗೆಯಲೇ ಇಲ್ಲ.

ತಪ್ಪಾಯಿತು. ಆದರೆ ಆಗಿಹೋದದ್ದಕ್ಕೆ ಏನು ಮಾಡುವುದು ಹೇಳು. ಈಗ ಕಾಗದದಲ್ಲಿ ಜಾಯಿಂಟ್ ಹಾರಿತ್ತು ಅಂತ ಬರೆದರೆ ಮೇಡಂ ಕೇಳ್ತಾರೆ, ಯಾವಾಗಿನಿಂದ ಅಂತ. ಏಳು ಗಾಡಿಗೆ ಅದೇ ಡಬ್ಬ ಹಾಕಿಸಿದ್ದಾರೆ ಅವರು. ವರದಿ ಮಾಡಿ ಮೇಲೆ ಕಳಿಸಿದ್ದಾರೆ, ನನ್ನ ಹೆಸರು ಹಾಕಿ. ಆ ಏಳು ಗಾಡಿಗೆ ಏನೂ ತೊಂದರೆ ಇಲ್ಲ, ನಾನು ಸರಿ ನೋಡಿಕೊಳ್ತೇನೆ, ಹದಿನೈದು ದಿನಕ್ಕೊಮ್ಮೆ ತಪ್ಪದೆ ಬಿಚ್ಚಿ ಸುಡಿಸ್ತೇನೆ. ಶಾಲೆಯವರಿಂದಲೂ ಮತ್ತೆ ದೂರು ಬರಲಿಲ್ಲ. ಒಳ್ಳೆಯ ಕೆಲಸವೇ ಆಯಿತಲ್ಲ... ಆಯಿತಲ್ಲ? ಮಂಡೆ ಆಡಿಸು. ಹೌದು ಅನ್ನು, ಇಲ್ಲ ಅನ್ನು.

ನೀನು ಹೀಗೆ ಕೂತರೆ ನನಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ತಪ್ಪು ನನ್ನದು ಒಬ್ಬನದೇ ಅಂತ ಮಾಡಬೇಡ ಖಲೀಲ್. ನಿನಗೂ ಬಾಯಿ ಇತ್ತು. ಇನ್ನೊಂದು ಸಲ ಹೇಳಬೇಕಿತ್ತು ನೀನು. ರುಕ್ಮಯ್ಯಣ್ಣ, ಇದು ಧೂಳಲ್ಲ, ಹೊಗೆಯೇ ಅಂತ ನನ್ನ ಅಂಗಿ ಹಿಡಿದು ಹೇಳಬೇಕಿತ್ತು. ಹೇಳುವುದು ಬಿಟ್ಟು ಪೆಡಲಿನ ಸುತ್ತ ಲುಂಗಿಯ ಹರಕು ತುರುಕಿ ಕೂತದ್ದು! ಆ ಹಸಿರು ಚೌಕುಳಿ ಲುಂಗಿ... ಹೊಗೆ ಬಟ್ಟೆಯಲ್ಲಿ ನಿಲ್ತದಾ? ಮಸಿ ಹಿಡಿದು ಕರ್ರಗಾಗಿತ್ತು ಅದು, ಹಸಿರು ಅಂತ ಗೊತ್ತಾಗಲಿಕ್ಕೆ ಬಿಡಿಸಿ ನೋಡಬೇಕಿತ್ತು. ಅದನ್ನು ತುರುಕುವ ಬದಲು ನನಗೆ ಒಂದು ಮಾತು...

ಏನು?

ಯಾಕೆ ಕೈ ಹಾಗೆ ಅಡ್ಡ ಆಡಿಸಿದೆ? ಲುಂಗಿ ಅಲ್ವಾ?

...ರಬ್ಬರ್. ಹೌದು. ಮೇ ತಿಂಗಳಲ್ಲಿ ಬಿಚ್ಚುವಾಗ ಅಲ್ಲಿ ಟ್ಯೂಬಿನ ರಬ್ಬರ್ ಇತ್ತು. ಟಯರಿನ ಹಳೇ ಟ್ಯೂಬು ಕತ್ತರಿಸಿ, ಸುತ್ತ ತಂತಿ ಬಿಗಿದು, ಚಂದ ಮಾಡಿ ಕೂರಿಸಿದ್ದೆ ನೀನು. ರಬ್ಬರೇ ಇದ್ದದ್ದು.

ಲುಂಗಿ ಮೊದಲು ಇದ್ದದ್ದು.

ಒಂದೇ ವಾರ ಇದ್ದದ್ದಾ? ಬೆರಳು ತೋರಿಸ್ತೀಯಲ್ಲ... ಒಂದು. ಒಂದು ವಾರ. ಫೆಬ್ರವರಿಯಲ್ಲಿ.

ಖಲೀಲ್, ಆ ಪೈಪು ಮೂಗಿನಿಂದ ತೆಗೆಯಬೇಡ. ಇಡು. ನನ್ನ ಮೇಲೆ ಸಿಟ್ಟಿದ್ದರೆ ನನ್ನ ಮೇಲೆ ತೋರಿಸು, ಅದನ್ನು ತೆಗೆಯಬೇಡ. ಹಾಂ... ಹಾಂ.

ಹೌದು. ಆ ವಾರದಲ್ಲೇ ನೋಡಿದ್ದೆ.

ಮೇಲಿನವರು ಸೋಮವಾರ ಬರ್ತಾರೆ ಅಂತ ಮೇಡಂ ಹೇಳಿದ್ದರು. ಅದರ ಮೊದಲಿನ ಶುಕ್ರವಾರ. ಶುಕ್ರವಾರ ಮಧ್ಯಾಹ್ನ ನೀನು ಜುಮಾ ನಮಾಜಿಗೆ ಹೋದರೆ ಗಾಡಿ ಒಂದು ಗಂಟೆ ನಿಲ್ತದೆ. ನಾನು ಯಾವತ್ತೂ ಆ ಹೊತ್ತಿಗೇ ಅಲ್ವಾ ನಿನ್ನ ಗಾಡಿ ನೋಡುವುದು. ಕ್ಯಾಬಿನ್ನಿಗೆ ಹತ್ತಿದೆ. ಕೂತು ಕಾಲಿಡುವಾಗ ಅಡಿಯಲ್ಲಿ ಮೆತ್ತಗೆ ಸಿಕ್ಕಿತು. ಎಳೆದೆ. ಲುಂಗಿಯ ತುಂಡು. ಹಿಂಡಿದರೆ ಮಸಿ ಸೋರುವ ಹಾಗಿತ್ತು. ಇಳಿದು ಬಾನೆಟ್ ಎತ್ತಿ ಕೈ ಹಾಕಿ ನೋಡಿದೆ. ಜಾಯಿಂಟ್ ಹಾರಿತ್ತು.

ಅಲ್ಲೇ ಗಾಡಿಯ ನೆರಳಿನಲ್ಲಿ ಕೂತೆ. ನನಗೆ ಎಲ್ಲ ಗೊತ್ತಾಯಿತು ಖಲೀಲ್. ಸೊನ್ನೆ ಪಾಯಿಂಟ್ ನಾಲ್ಕು ಯಾಕೆ ಬಂತು ಅಂತ, ನಿನ್ನ ಕಣ್ಣು ಯಾಕೆ ಉರೀತದೆ ಅಂತ. ಸರಿ ಮಾಡಲಿಕ್ಕೆ ಒಂದು ಮಧ್ಯಾಹ್ನದ ಕೆಲಸ. ಹೊಸ ಪ್ಯಾಕಿಂಗ್ ಹಾಕಿ, ಕಲ್ಲು ಬಿಚ್ಚಿ ಸುಟ್ಟು ಪುನಃ ಕೂರಿಸಿದರೆ ಮುಗಿಯಿತು. ಅಂಕಿ ಸೊನ್ನೆ ಪಾಯಿಂಟ್ ಒಂಬತ್ತಕ್ಕೆ ವಾಪಸು ಬರ್ತಿತ್ತು, ಅಷ್ಟೇ. ಒಂಬತ್ತು ಕೆಟ್ಟ ಅಂಕಿಯಾ? ಮಿತಿಯ ಒಳಗೇ ಉಂಟಲ್ಲ! ಅದನ್ನೇ ತೋರಿಸಿದ್ದರೂ ಅವರು ಒಪ್ತಿದ್ದರು. ಆದರೆ ಮೇಡಂ ನಾಲ್ಕು ಅಂತ ಬರೆದು ಕಳಿಸಿಯಾಗಿತ್ತು. ನಾಲ್ಕು ಯಾಕೆ ಒಂಬತ್ತಾಯಿತು ಅಂತ ಎಲ್ಲರ ಎದುರು ಕೇಳಿದರೆ ನಾನು ಏನು ಹೇಳುವುದು?

ಮೂವತ್ತು ವರ್ಷ ನನಗೆ "ಗ್ರೀಸ್ ಕೈ, ಅಲ್ಲೇ ನಿಲ್ಲಿ" ಅಂತ ಹೇಳಿದವರೇ ಎಲ್ಲ. ಆಫೀಸಿನ ಒಳಗೆ ಕುರ್ಚಿಯಲ್ಲಿ ಕೂತದ್ದಿಲ್ಲ ನಾನು. ಮೊದಲ ಸಲ, "ರುಕ್ಮಯ್ಯನವರೇ, ನೀವು ಮುಂದೆ ಬಂದು ಹೇಳಿ" ಅಂತ ಕರೆಯುವವರಿದ್ದರು. ಅದಕ್ಕೆ. ಅದಕ್ಕೇ ಖಲೀಲ್. ಇಷ್ಟು ಸಣ್ಣದಕ್ಕೆ.

ಲುಂಗಿಯ ತುಂಡನ್ನು ಹೇಗಿತ್ತೋ ಹಾಗೆಯೇ ಮಡಚಿ ವಾಪಸು ತುರುಕಿದೆ. ನೀನು ಬರುವಾಗ ನಾನು ಆಚೆ ರೋಲರಿನ ಹತ್ತಿರ ಏನೋ ಮಾಡ್ತಾ ಇದ್ದವನ ಹಾಗೆ ನಿಂತೆ.

ಸೋಮವಾರ ಬಂದರು. ನೆನಪುಂಟಲ್ಲ. ಮೇಡಂ ತಮ್ಮ ಬಿಳಿ ಕರ್ಚೀಫನ್ನು ಕೊಳವೆಯ ಬಾಯಿಗೆ ಹಿಡಿದರು. ನೀನು ಗ್ಲಾಸು ಹಾಕಿ ಒಳಗೆ ಕೂತಿದ್ದೆ. ನಾನು ಕೈ ಎತ್ತಿದೆ. ನೀನು ಒತ್ತಿದೆ. ನಾಲ್ಕು ಸಲ, ಪೂರ್ತಿ. ಕರ್ಚೀಫ್ ಬಿಳಿಯೇ ಇತ್ತು. ಎಲ್ಲ ಚಪ್ಪಾಳೆ ತಟ್ಟಿದರು. ನೀನು ಇಳಿದು ಬರುವಾಗ ನಿನ್ನ ಕಣ್ಣಿನಲ್ಲಿ ನೀರು ಇಳೀತಿತ್ತು, ಮೇಡಂ ನೋಡಿ, ಪಾಪ, ಇವರಿಗೂ ಎಷ್ಟು ಸಂತೋಷ ಅಂದರು. ನಾನು... ಹೌದು ಅಂದೆ.

ಆಮೇಲೆ ಸರಿ ಮಾಡಬೇಕು ಅಂತ ಇತ್ತು. ಮೇಡಮ್ಮಿನ ವರದಿ ಹೋಗಲಿ, ಆಮೇಲೆ. ಆ ಏಳು ಡ‍ಬ್ಬ ಬರಲಿ, ಆಮೇಲೆ. ಮಳೆಗೆ ಕೆಲಸ ನಿಲ್ತದೆ, ಆವಾಗ. ಮಳೆಯಲ್ಲಿ ಗಾಡಿ ಯಾರ್ಡಿನಲ್ಲೇ ನಾಲ್ಕು ತಿಂಗಳು ನಿಂತಿತ್ತು, ನನ್ನ ಕಣ್ಣೆದುರು. ಮುಟ್ಟಲಿಲ್ಲ. ಮುಟ್ಟಿದರೆ ಅಂಕಿ ಏರ್ತದೆ. ಬೇರೆ ಏಳು ಗಾಡಿಗೆ ಮೊದಲ ದಿನದಿಂದಲೇ ಗಟ್ಟಿ ಪ್ಯಾಕಿಂಗ್ ಹಾಕಿದೆ, ಯಾಕೆ ಅಂತ ಯಾರೂ ಕೇಳಲಿಲ್ಲ. ನಿನ್ನದೊಂದು ಗಾಡಿ ಮಾತ್ರ ಮಾದರಿ ಅಂತ ಹಾಗೆಯೇ ಇಟ್ಟೆ. ಇನ್ನೊಂದು ಬೇಸಿಗೆ ಪೂರ್ತಿ ನೀನು ಅದರಲ್ಲೇ ಕೂತೆ. ಏರುವಾಗ ಮೆಟ್ಟಿಲಿನ ಮೇಲೆ ನಿಂತು ಉಸಿರು ತೆಗೀತಿದ್ದೆ. ನಾನು ದೂರದಿಂದ ನೋಡ್ತಿದ್ದೆ. ಗ್ಲಾಸು ತೆಗಿ ಅಂತಲಾದರೂ ಹೇಳಬಹುದಿತ್ತಲ್ಲ? ಒಂದು ಮಾತು, ಗ್ಲಾಸು ತೆಗಿ. ಅದನ್ನೂ ಹೇಳಲಿಲ್ಲ. ಹೇಳಿದರೆ ನೀನು, ಯಾಕಣ್ಣಾ ಅಂತ ಕೇಳ್ತಿದ್ದೆ.

ಬೈಯಿ ಖಲೀಲ್. ಬಾಯಿಂದ ಆಗದಿದ್ದರೆ ಆ ಲೋಟ ತೆಗೆದು ಬಿಸಾಡು ನನ್ನ ಮುಖಕ್ಕೆ. ನಾನು ಈಗಷ್ಟೇ ಇದನ್ನು ಹೇಳಿದ್ದು. ಮೊದಲ ಸಲ ಹೇಳಿದ್ದು. ಸರಸನಿಗೂ ಗೊತ್ತಿಲ್ಲ. ನೀನು ಬೆಚ್ಚಿ ಬೀಳಬೇಕಿತ್ತು. ಹಾಂ ಅಂತಲಾದರೂ ಮಾಡಬೇಕಿತ್ತು.

ನಿನ್ನ ಮುಖದಲ್ಲಿ ಏನೂ ಇಲ್ಲವಲ್ಲ.

ಹೊಸ ಸುದ್ದಿ ಕೇಳಿದವನ ಮುಖ ಅಲ್ಲ ಇದು.

ಯಾಕೆ... ಯಾಕೆ ಅಂಗೈ ತೋರಿಸ್ತೀಯಾ? ಎಂಥ ಅದು? ಕೈ. ನಿನ್ನ ಕೈ? ಅಲ್ಲ... ನನ್ನ? ನನ್ನ ಕೈ ಎಂಥ? ಸೀಟಿನ ಮೇಲೆ... ಬೆನ್ನಿಗೆ... ಬೈರಾಸಾ? ನೀನು ಸೀಟಿನ ಮೇಲೆ ಹಾಸ್ತಿದ್ದ ಬಿಳಿ ಬೈರಾಸು, ಆ ಟವೆಲು?

ಓ.

ಜಾಯಿಂಟಿಗೆ ಕೈ ಹಾಕಿದವನು ಪುನಃ ಹತ್ತಿ ಲುಂಗಿ ತುರುಕಿದೆನಲ್ಲ. ಬಗ್ಗುವಾಗ ಸೀಟಿಗೆ ಕೈ ಊರಿರಬೇಕು. ಬೆರಳೆಲ್ಲ ಮೂಡಿತ್ತಾ, ಈ ತುಂಡು ಬೆರಳೂ?

ಮೂಡಿತ್ತು.

ಹಾಗಾದರೆ ಅವತ್ತೇ. ನಮಾಜು ಮುಗಿಸಿ ಬಂದು ನೋಡಿದ್ದೀಯ. ಈ ಬೆರಳು ಅರ್ಧ ಇಲ್ಲದ ಕೈ ಇಡೀ ಯಾರ್ಡಿನಲ್ಲಿ ಒಬ್ಬನದೇ. ನೋಡಿ, ಲುಂಗಿ ತೆಗೆದು ಬಿಸಾಡಿ, ನೀನೇ ಟ್ಯೂಬು ಕತ್ತರಿಸಿ ಕೂರಿಸಿದ್ದೀಯ. ನನ್ನನ್ನು ಒಂದು ಮಾತು ಕೇಳಲಿಲ್ಲ. ಸೋಮವಾರ ನಾನು ಕೈ ಎತ್ತಿದಾಗ ಅರ್ಧ ಒತ್ತಲಿಲ್ಲ. ಕೊಳವೆಯಿಂದ ಬಾರದ ಹೊಗೆಯೆಲ್ಲ ಎಲ್ಲಿಗೆ ಬರ್ತದೆ ಅಂತ ಗೊತ್ತಿದ್ದೂ ನೆಲಕ್ಕೆ ಮುಟ್ಟುವವರೆಗೆ ಒತ್ತಿದೆ. ನನಗೆ ಚಪ್ಪಾಳೆ ಬೀಳಲಿ ಅಂತಲಾ?

ಆಮೇಲೆ ಕಾದದ್ದಾ ನೀನು? ಇವತ್ತು ಹೇಳ್ತಾರೆ ರುಕ್ಮಯ್ಯಣ್ಣ, ನಾಳೆ ಹೇಳ್ತಾರೆ ಅಂತ? ಗಾಡಿ ಬಿಡುವವರೆಗೆ ಹದಿನೈದು ತಿಂಗಳು? ಡಾಕ್ಟರು ಬಾಯಿಬಿಟ್ಟು ಕೇಳಿದಾಗಲೂ "ಅವರನ್ನು ಕೇಳಿ" ಅಂದೆಯಲ್ಲ... ನಾನು ಅದನ್ನು ನಂಬಿಕೆ ಅಂತ ಮಾಡಿದ್ದೆ. ನನ್ನ ಅಳತೆಯ ಮೇಲೆ ನಿನಗೆ ನಂಬಿಕೆ ಅಂತ.

ಇದು ಎಂಥ ಮಾಡ್ತಾ ಇದ್ದೀಯಾ? ಆ ಕಾಗದ ಯಾಕೆ ಮಡಚುವುದು? ಫೈಲಿಗೆ ಹಾಕಬೇಡ. ಖಲೀಲ್, ಅದನ್ನು ಆಸ್ಪತ್ರೆಯ ಫೈಲಿಗೆ ಹಾಕಬೇಡ! ಇಷ್ಟೆಲ್ಲ ಕೇಳಿದ ಮೇಲೂ ಅದನ್ನೇ ತೆಗೆದುಕೊಂಡು ಹೋಗ್ತೀಯಾ ನಾಳೆ? ಹೊಗೆ ಇರಲಿಲ್ಲ ಅಂತ ಓದಿದರೆ ಅವರು ಕೊಯ್ತಾರೆ. ನಿನಗೆ ಗೊತ್ತುಂಟಲ್ಲ? ಎದೆ ಕೊಯ್ತಾರೆ ಮಾರಾಯ. ಕೊಡು ಇಲ್ಲಿ. ನನ್ನ ಹೆಸರು ಉಳಿಸಲಿಕ್ಕೆ ನೀನು ಯಾರು? ಕೊಡು.

...ಆಸ್ಯಮ್ಮ ಬಂದರು.

ಬನ್ನಿ ಆಸ್ಯಮ್ಮ. ಸುಲೈಮಾನಿ ಚಾ ಆ ಸ್ಟೂಲಿನ ಮೇಲಿಡಿ. ಇಲ್ಲ, ಅವನಿಗೆ ಏನೂ ಆಗಲಿಲ್ಲ, ಉಸಿರು ಸರಿ ಉಂಟು. ಅಳ್ತಾ ಇರುವುದು ನಾನು. ನೀವು ಕೂತ್ಕೊಳ್ಳಿ. ಆ ಫೈಲಿನಲ್ಲಿ ಈಗ ಅವನೊಂದು ಕಾಗದ ಸೇರಿಸಿದ, ಅದನ್ನು ಹೊರಗೆ ತೆಗೀರಿ. ನಾನು ತಂದದ್ದೇ, ಹೌದು. ಸೀಲು ಉಂಟು, ಅಂಕಿಗಳೂ ಸರಿ ಉಂಟು. ಆದರೂ ತೆಗೀರಿ. ನಾಳೆ ಆ ಕಾಗದ ಬೇಡ, ಕಾರಿನಲ್ಲಿ ನಾನೇ ಬರ್ತೇನೆ. ಡಾಕ್ಟರಿಗೆ ನಾನೇ ಬಾಯಿಯಿಂದ ಹೇಳ್ತೇನೆ. ಮೇಡಮ್ಮಿಗೂ ಹೇಳ್ತೇನೆ.

ಅದಕ್ಕೆ ಮೊದಲು ನಿಮಗೆ ಹೇಳಲಿಕ್ಕುಂಟು. ಇವನು ನಿಮಗೆ ಹೇಳಲಿಲ್ಲ ಅಂತ ನನಗೆ ಈಗ ಗೊತ್ತಾಯಿತು. ಇವನು ಯಾರಿಗೂ ಹೇಳುವವನಲ್ಲ.

ಖಲೀಲ್, ಕೈ ಬಿಡು. ಹೀಗೆ ಒತ್ತಿ ಹಿಡಿದರೆ ನಾನು ನಿಲ್ಲಿಸ್ತೇನೆ ಅಂತ ಮಾಡಿದ್ದೀಯಾ?

...ಎಷ್ಟು ಶಕ್ತಿ ಉಂಟು ನೋಡಿ ಇವನಿಗೆ ಇನ್ನೂ. ಬಿಡು ತಮ್ಮಾ. ಬಿಡು.

ಆಸ್ಯಮ್ಮ, ಅವತ್ತು ಶುಕ್ರವಾರ. ಇವನು ಜುಮಾಕ್ಕೆ ಹೋಗಿದ್ದ. ನಾನು ಇವನ ಗಾಡಿ ಹತ್ತಿದೆ...